ಲೆಗೊ ಇಟ್ಟಿಗೆಯಲ್ಲಿ 40 ಸೆಂ.ಮೀ. ತಲೆಯ ಶಿಲ್ಪ: ಟೊಳ್ಳೋ ಘನವೋ, ಅಂಟು ಬೇಕೋ ಬೇಡವೋ?

ಮಣ್ಣಿನಮಾದರಿ ಕೇಳಿದ್ದು:

ಮನುಷ್ಯನ ತಲೆಯೊಂದನ್ನು ಲೆಗೊ ಇಟ್ಟಿಗೆಗಳಲ್ಲಿ ಕಟ್ಟಬೇಕಿದೆ. ಗದ್ದದಿಂದ ನೆತ್ತಿಯವರೆಗೆ 40 ಸೆಂ.ಮೀ., ಕೆಳಗೆ ಗಿಡ್ಡ ಕುತ್ತಿಗೆ, ಪೂರ್ತಿ ಒಂದೇ ಬಣ್ಣ: ತಿಳಿ ಬೂದು. ಮಣ್ಣಿನ ಮಾದರಿ ಸಿದ್ಧವಾಗಿದೆ, ಅದನ್ನು ಸ್ಕ್ಯಾನ್ ಮಾಡಿ ಥ್ರೀಡಿ ಫೈಲ್ ಕೂಡ ಮಾಡಿದ್ದಾಗಿದೆ. ಫೈಲನ್ನು ಚೌಕಗಳಾಗಿ ಒಡೆದು ಮೊದಲ 15 ವರಸೆಗಳನ್ನು ಪ್ರಯೋಗಕ್ಕೆಂದು ಜೋಡಿಸಿದಾಗ ಎರಡು ತೊಂದರೆ ಕಂಡವು. ಮುಖ ಮಾದರಿಗಿಂತ ಉದ್ದವಾಗಿ, ಎಳೆದ ಹಾಗೆ ಬರುತ್ತಿದೆ. ಗದ್ದದ ಅಡಿಭಾಗ ಕುತ್ತಿಗೆಯಿಂದ ಮುಂದಕ್ಕೆ ಚಾಚುವ ಕಡೆ ಇಟ್ಟಿಗೆಗಳು ನಿಲ್ಲದೆ ಕಳಚಿ ಬೀಳುತ್ತಿವೆ.

ಒಟ್ಟು ಎಷ್ಟು ಇಟ್ಟಿಗೆ ಬೇಕು? ಒಳಗೆ ತುಂಬಬೇಕೋ, ಟೊಳ್ಳು ಬಿಡಬಹುದೋ? ಅಂಟು ಹಾಕಲೇಬೇಕೇ? ಇನ್ನೊಂದು ಮಾತು: ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಮೇಲ್ಮೈಯನ್ನು ಇಳಿಜಾರು ತುಂಡು ಹಾಕಿ ನುಣುಪು ಮಾಡಬೇಕೋ, ಹಾಗೇ ಬಿಡಬೇಕೋ? ಪ್ರದರ್ಶನಕ್ಕಿಡುವ ಕೆಲಸ, ಆಟದ ಸಾಮಾನಿನಂತೆ ಕಾಣಬಾರದು.

ವರಸೆಲೆಕ್ಕ:

ಮುಖ ಉದ್ದವಾದ ಕಾರಣದಿಂದ ಶುರು ಮಾಡೋಣ. ಚೌಕಗಳಾಗಿ ಒಡೆಯುವ ಸಾಫ್ಟ್‌ವೇರ್ ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆಯ ಘನಗಳನ್ನು ಕೊಡುತ್ತೆ. ಲೆಗೊ ಇಟ್ಟಿಗೆ ಹಾಗಿಲ್ಲ. ಇಟ್ಟಿಗೆಯ ಮೇಲಿನ ಒಂದು ಗುಬುಟಿನ, ಅಂದರೆ ಸ್ಟಡ್ಡಿನ, ಜಾಗ 8 ಮಿ.ಮೀ., ಇಟ್ಟಿಗೆಯ ಎತ್ತರ ಆ ಸ್ಟಡ್ ಬಿಟ್ಟು 9.6 ಮಿ.ಮೀ. ಅಂದರೆ ಎತ್ತರ ಅಗಲದ 1.2 ಪಟ್ಟು. ನೀವು ಒಂದು ಘನಕ್ಕೆ ಒಂದು ಇಟ್ಟಿಗೆ ಇಟ್ಟಿದ್ದರಿಂದ ತಲೆ ಶೇ 20ರಷ್ಟು ಮೇಲಕ್ಕೆ ಎಳೆದುಕೊಂಡಿದೆ. ಫೈಲನ್ನು ಒಡೆಯುವ ಮುನ್ನ ಎತ್ತರದ ಅಕ್ಷವನ್ನು ಮಾತ್ರ 0.833ಕ್ಕೆ ಕುಗ್ಗಿಸಿ, ಆಮೇಲೆ 8 ಮಿ.ಮೀ. ಘನ ಮಾಡಿ. ಪರದೆಯ ಮೇಲೆ ತಲೆ ಚಪ್ಪಟೆಯಾಗಿ ಕಾಣುತ್ತೆ, ಇಟ್ಟಿಗೆಯಲ್ಲಿ ಕಟ್ಟಿದಾಗ ಸರಿಹೋಗುತ್ತೆ. 400 ಮಿ.ಮೀ. ಎತ್ತರಕ್ಕೆ 42 ವರಸೆ ಬರಬೇಕು. ನಿಮ್ಮ ಫೈಲಿನಲ್ಲಿ 50 ವರಸೆ ಇದ್ದರೆ ತಪ್ಪು ಅಲ್ಲೇ ಇದೆ ಅಂತ ತಿಳಿಯಿರಿ. ಸ್ಕ್ಯಾನ್ ಮಾಡಿದ ಜಾಲರಿಯಲ್ಲಿ ತೂತು ಇರಬಾರದು. ಕಿವಿಯ ಹಿಂದೆ, ಗದ್ದದ ಕೆಳಗೆ ಸಾಮಾನ್ಯವಾಗಿ ತೂತು ಉಳಿದಿರುತ್ತೆ, ಅಲ್ಲಿ ಚೌಕಗಳೇ ಮಾಯವಾಗುತ್ತವೆ.

ಇನ್ನು ಲೆಕ್ಕ. ಈ ಎತ್ತರದ ತಲೆಗೆ ಅಗಲ ಸುಮಾರು 27 ಸೆಂ.ಮೀ. ಅಂದರೆ 34 ಸ್ಟಡ್, ಮೂಗು ಬಿಟ್ಟು ಮುಂದಿನಿಂದ ಹಿಂದಕ್ಕೆ 34 ಸೆಂ.ಮೀ. ಅಂದರೆ 42 ಸ್ಟಡ್. ಮೊಟ್ಟೆಯಾಕಾರ ಅಂತ ಹಿಡಿದರೆ ಘನವಾಗಿ ತುಂಬಲು 31,400 ಸ್ಟಡ್ಡಿನಷ್ಟು ಇಟ್ಟಿಗೆ ಬೇಕು, ತೂಕ 9 ಕೆ.ಜಿ. ಅದೇ 3 ಸ್ಟಡ್ ದಪ್ಪದ ಗೋಡೆ ಇಟ್ಟು ಟೊಳ್ಳು ಬಿಟ್ಟರೆ 11,900. ಒಳಗೆ ಅಡ್ಡಗೋಡೆ ಎರಡು, ಒಂದು ಮೂಗಿನ ನೇರಕ್ಕೆ, ಇನ್ನೊಂದು ಕಿವಿಯಿಂದ ಕಿವಿಗೆ, 1 ಸ್ಟಡ್ ದಪ್ಪದ್ದು ಹಾಕಿದರೆ ಇನ್ನೂ 1,850. ಒಟ್ಟು 13,750 ಸ್ಟಡ್. ಅದನ್ನು ಹೀಗೆ ಹಂಚಬಹುದು: 2×4 (2 ಸ್ಟಡ್ ಅಗಲ, 4 ಸ್ಟಡ್ ಉದ್ದ) ಇಟ್ಟಿಗೆ 450, 2×3 550, 2×2 700, 1×6 200, 1×4 200, 1×3 200, 1×2 500, 1×1 450. ಸೇರಿ 3,250 ಇಟ್ಟಿಗೆ, ತೂಕ 4.3 ಕೆ.ಜಿ. ಆಸುಪಾಸು. ಕುತ್ತಿಗೆಯನ್ನು ಮಾತ್ರ ಘನವಾಗಿಯೇ ಕಟ್ಟಿ. 18×20 ಸ್ಟಡ್ಡಿನ ಅಂಡಾಕಾರ, 8 ವರಸೆ ಎತ್ತರಕ್ಕೆ 320 ಇಟ್ಟಿಗೆ ಸಾಕು, 650 ಗ್ರಾಂ. ದೊಡ್ಡ ಇಟ್ಟಿಗೆಗಳನ್ನು ಶೇ 15 ಹೆಚ್ಚು ತನ್ನಿ, 1×1 ಮತ್ತು 1×2 ಮಾತ್ರ ಶೇ 40 ಹೆಚ್ಚು. ಕಣ್ಣು ಬಾಯಿಯ ಹತ್ತಿರ ಬಿಚ್ಚಿ ಕಟ್ಟುವಾಗ ಖಾಲಿಯಾಗುವುದು ಅವೇ.

ಘನ ಮಾಡಿದರೆ ಗಟ್ಟಿ ಅನ್ನುವ ಭಾವನೆ ಬಿಡಿ. 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಎಂಜಿನಿಯರುಗಳು ಬಿಬಿಸಿ ರೇಡಿಯೊ ಕಾರ್ಯಕ್ರಮಕ್ಕಾಗಿ 2×2 ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಒತ್ತಿ ನೋಡಿದ್ದರು. ಸರಾಸರಿ 4,240 ನ್ಯೂಟನ್, ಅಂದರೆ 430 ಕೆ.ಜಿ.ಯಷ್ಟು ಭಾರದವರೆಗೆ ತಡೆದುಕೊಂಡಿತು. 5 ಕೆ.ಜಿ. ತಲೆಯ ಕೆಳಗೆ ಯಾವ ಇಟ್ಟಿಗೆಯೂ ನಜ್ಜಾಗುವುದಿಲ್ಲ. ಲೆಗೊ ಸೋಲುವುದು ಒತ್ತಕ್ಕಲ್ಲ, ಎಳೆತಕ್ಕೆ. ಚಾಚಿದ ಭಾಗ ತನ್ನ ತೂಕಕ್ಕೆ ತಾನೇ ಸ್ಟಡ್ಡಿನಿಂದ ಸುಲಿದುಕೊಳ್ಳುತ್ತೆ. ನಿಮ್ಮ ಗದ್ದಕ್ಕೆ ಆಗುತ್ತಿರುವುದು ಅದೇ. ಒಳಗೆ ತುಂಬಿದಷ್ಟೂ ತೂಕ ಏರುತ್ತೆ ಹೊರತು ಆ ಸುಲಿತ ನಿಲ್ಲುವುದಿಲ್ಲ.

ಅಳತೆ ಅಂತಿಮ ಮಾಡುವ ಮುಂಚೆ ಮುಖದ ಅಗಲ ಸಮಸಂಖ್ಯೆಯೋ ಬೆಸಸಂಖ್ಯೆಯೋ ಅಂತ ತೀರ್ಮಾನಿಸಿ. 34 ಅಂದರೆ ಮುಖದ ನಡುಗೆರೆ ಎರಡು ಸ್ಟಡ್ಡುಗಳ ಸಂದಿನಲ್ಲಿ ಬರುತ್ತೆ, ಮೂಗಿನ ದಿಂಡು 2 ಸ್ಟಡ್ ಅಗಲ. 35 ಅಂದರೆ ನಡುಗೆರೆ ಸ್ಟಡ್ಡಿನ ಮೇಲೆ, ದಿಂಡು 1 ಅಥವಾ 3. ಬೆಸದಲ್ಲಿ ಮೂಗು ಹರಿತವಾಗಿ ಬರುತ್ತೆ, ಆದರೆ ಪ್ರತಿ ವರಸೆಯಲ್ಲೂ 1×3, 2×3 ಬೇಕಾಗಿ ಖರೀದಿಯ ಪಟ್ಟಿಯೇ ಬದಲಾಗುತ್ತೆ. 40 ಸೆಂ.ಮೀ. ತಲೆಗೆ ಸಮಸಂಖ್ಯೆಯೇ ಒಳ್ಳೆಯದು.

ಗಾರೆಮಟ್ಟ:

ಮೇಲಿನ ಲೆಕ್ಕ ಸರಿಯಾಗಿದೆ. ಕಟ್ಟುವ ಬಗೆ ಹೇಳುತ್ತೇನೆ.

ಗಾರೆ ಕೆಲಸದವರ ಮೊದಲ ಪಾಠವೇ ಇಲ್ಲೂ ಮೊದಲ ಪಾಠ: ಸಂದಿನ ಮೇಲೆ ಸಂದು ಬರಬಾರದು. 3 ಸ್ಟಡ್ ಗೋಡೆಯಲ್ಲಿ ಎರಡು ದಿಕ್ಕಿನ ಸಂದುಗಳಿರುತ್ತವೆ. ಗೋಡೆಯ ಉದ್ದಕ್ಕೆ ಬರುವ ಸಂದನ್ನು ಎಲ್ಲರೂ ಗಮನಿಸುತ್ತಾರೆ. ಹೊರಮೈಗೂ ಒಳಮೈಗೂ ನಡುವೆ ಬರುವ ಸಂದನ್ನು ಮರೆಯುತ್ತಾರೆ. ಎಲ್ಲ ವರಸೆಯಲ್ಲೂ ಹೊರಗೆ 1 ಸ್ಟಡ್, ಒಳಗೆ 2 ಸ್ಟಡ್ ಇಟ್ಟುಕೊಂಡು ಹೋದರೆ ಹತ್ತು ವರಸೆಯ ಹೊತ್ತಿಗೆ ಹೊರಮೈ ಸಿಪ್ಪೆಯ ಹಾಗೆ ಬೇರೆಯಾಗಿ ಉಬ್ಬುತ್ತದೆ. ಒಂದು ವರಸೆಯಲ್ಲಿ ಹೊರಗೆ ಒಂದಗಲ, ಒಳಗೆ ಎರಡಗಲ. ಮುಂದಿನ ವರಸೆಯಲ್ಲಿ ಹೊರಗೆ ಎರಡಗಲ, ಒಳಗೆ ಒಂದಗಲ. ಹೀಗೆ ಅದಲುಬದಲು ಮಾಡಿದರೆ ಎರಡು ಮೈಯೂ ಹಲ್ಲು ಕಚ್ಚಿ ನಿಲ್ಲುತ್ತವೆ. ಅಡ್ಡಗೋಡೆಯನ್ನು ಎರಡು ವರಸೆಗೊಮ್ಮೆ ಹೊರಗೋಡೆಯೊಳಕ್ಕೆ ನುಗ್ಗಿಸಿ, ಬರೀ ತಾಗಿಸಿ ಬಿಟ್ಟರೆ ಪ್ರಯೋಜನವಿಲ್ಲ.

ಹೊರ ಅಂಚಿಗೆ 1×1 ಇಡುವ ಆಸೆ ಆದಷ್ಟು ಕಡಿಮೆ ಮಾಡಿ. ಒಂಟಿ ಸ್ಟಡ್ಡಿನ ಮೇಲೆ ಕೂತ ಇಟ್ಟಿಗೆ ತಿರುಗುತ್ತದೆ. ಒಂದೆರಡು ಡಿಗ್ರಿ ತಿರುಗಿದರೂ ಪಕ್ಕದ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಇಡಲೇಬೇಕಾದ ಕಡೆ, ಮೇಲಿನ ವರಸೆಯ ಇಟ್ಟಿಗೆ ಅದನ್ನೂ ಅದರ ನೆರೆಯದನ್ನೂ ಒಟ್ಟಿಗೆ ಹಿಡಿಯುವಂತೆ ನೋಡಿಕೊಳ್ಳಿ. ಪ್ರತಿ ವರಸೆಯಲ್ಲಿ ಮೊದಲು ಹೊರ ಅಂಚು ಇಟ್ಟು, ಒಳಗನ್ನು ಸಿಕ್ಕಷ್ಟು ದೊಡ್ಡ ಇಟ್ಟಿಗೆಯಿಂದ ತುಂಬಿ.

ಪೂರ್ತಿ ಕೂರದ ಇಟ್ಟಿಗೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಐದು ವರಸೆ ಮೇಲೆ ಹೋದಾಗ ಓರೆಯಾಗಿ ಬಾಯಿಬಿಡುತ್ತದೆ. ಪ್ರತಿ ವರಸೆ ಮುಗಿದ ಮೇಲೆ ಅಂಗೈಯಲ್ಲಿ ಸುತ್ತಲೂ ಒತ್ತಿ, ಹತ್ತು ವರಸೆಗೊಮ್ಮೆ ನಾಲ್ಕು ಕಡೆ ಉಕ್ಕಿನ ಅಳತೆಪಟ್ಟಿ ಹಿಡಿಯಿರಿ. 96 ಮಿ.ಮೀ. ಬರಬೇಕು. ಒಂದು ಕಡೆ 97 ಬಂದರೆ ಅಲ್ಲೇ ಬಿಚ್ಚಿ.

ಈಗ ಗದ್ದ. ಒಂದು ವರಸೆಗೆ 1 ಸ್ಟಡ್ ಹೊರಚಾಚು ಇದ್ದರೆ ಎರಡಗಲದ ಇಟ್ಟಿಗೆ ಅರ್ಧ ಒಳಗೆ ಅರ್ಧ ಹೊರಗೆ ಕೂತು ತಾನೇ ನಿಲ್ಲುತ್ತದೆ. ನಮ್ಮ ಹಳೆಯ ದೇವಸ್ಥಾನಗಳ ಚಾವಣಿಯಲ್ಲಿ ಕಲ್ಲನ್ನು ಸಾಲಿನಿಂದ ಸಾಲಿಗೆ ಒಳಕ್ಕೆ ಚಾಚುತ್ತಾ ಮುಚ್ಚಿದ್ದಾರಲ್ಲ, ಅದೇ ತರ್ಕ. ತಲೆಯ ಹಿಂಭಾಗಕ್ಕೆ ಇದು ಸಾಕು. ಗದ್ದದಡಿ ಹಾಗಲ್ಲ, ಅದು ಹೆಚ್ಚುಕಡಿಮೆ ಚಪ್ಪಟೆ, ಕುತ್ತಿಗೆಯಿಂದ 10–12 ಸ್ಟಡ್ ಒಮ್ಮೆಲೇ ಮುಂದಕ್ಕೆ ಹೋಗುತ್ತದೆ. ಅಲ್ಲಿ ಸಜ್ಜಾ ಹಾಕಿದ ಹಾಗೆ ಮಾಡಬೇಕು. ಇಟ್ಟಿಗೆಯ ಮೂರನೇ ಒಂದು ಭಾಗ ಎತ್ತರದ ಪ್ಲೇಟುಗಳು, 3.2 ಮಿ.ಮೀ.ಯವು, ಸರಳಿನ ಕೆಲಸ ಮಾಡುತ್ತವೆ. ಮೊದಲ ಪದರ 2×10, 2×12 ಪ್ಲೇಟು ಮುಂದಿನಿಂದ ಹಿಂದಕ್ಕೆ. ಇವುಗಳ ಬಾಲ ಕುತ್ತಿಗೆಯ ಮೇಲೆ ಚೆನ್ನಾಗಿ ಒಳಕ್ಕೆ ಹೋಗಲಿ, ಗದ್ದದ ತುದಿಗೆ ಮುಟ್ಟದವುಗಳನ್ನು ಇನ್ನೊಂದು ಸಾಲಿನ ಪ್ಲೇಟಿನಿಂದ ಮುಂದುವರಿಸಿ. ಎರಡನೇ ಪದರ ಎಡದಿಂದ ಬಲಕ್ಕೆ. ಮೂರನೇ ಪದರ ಮತ್ತೆ ಮುಂದಿನಿಂದ ಹಿಂದಕ್ಕೆ, ಕೆಳಗಿನ ಸಂದುಗಳನ್ನು ದಾಟಿ. ಮೂರು ಪ್ಲೇಟು ಸೇರಿದರೆ ಸರಿಯಾಗಿ ಒಂದು ಇಟ್ಟಿಗೆಯ ಎತ್ತರ, ಆದ್ದರಿಂದ ವರಸೆಯ ಲೆಕ್ಕ ತಪ್ಪುವುದಿಲ್ಲ.

ಅದು ಗಟ್ಟಿಯಾಗುವವರೆಗೆ ಕೆಳಗೆ ಸೆಂಟ್ರಿಂಗ್ ಬೇಕು. ಬೇರೆ ಬಣ್ಣದ ಇಟ್ಟಿಗೆಯಲ್ಲಿ ಬುಡದಿಂದ ಕಂಬ ಏರಿಸಿ, ಕಂಬದ ಕೊನೆಯ ವರಸೆಗೆ ಇಟ್ಟಿಗೆ ಇಡಬೇಡಿ. ಎರಡು ಪ್ಲೇಟು, ಅದರ ಮೇಲೆ ಸ್ಟಡ್ ಇಲ್ಲದ ಒಂದು ಟೈಲ್ ಇಡಿ. ಎತ್ತರ ಅದೇ 9.6 ಮಿ.ಮೀ., ಆದರೆ ಗದ್ದದ ಪ್ಲೇಟು ಅದರ ಮೇಲೆ ಕೂರುತ್ತದೆ, ಕಚ್ಚಿಕೊಳ್ಳುವುದಿಲ್ಲ. ಟೈಲ್ ಹಾಕದೆ ಹೋದರೆ ಸೆಂಟ್ರಿಂಗ್ ತೆಗೆಯುವಾಗ ಗದ್ದವೇ ಕೈಗೆ ಬರುತ್ತದೆ. ಗದ್ದದ ಮೇಲೆ ಐದು ವರಸೆ ಏರಿ, ಹಿಂದಲೆಯ ತೂಕವೂ ಬಾಲದ ಮೇಲೆ ಕೂತ ನಂತರವೇ ಕಂಬ ತೆಗೆಯಿರಿ.

ನೆತ್ತಿ ಮುಚ್ಚುವಾಗಲೂ ಇದೇ ಅಪಾಯ ಒಳಗಡೆಯಿಂದ ಇದೆ. ಮೇಲಿನಿಂದ ಒತ್ತಿದಾಗ ಒಳಕ್ಕೆ ಚಾಚಿದ ಇಟ್ಟಿಗೆಗಳು ಕೆಳಗೆ ಆಧಾರವಿಲ್ಲದೆ ಟೊಳ್ಳಿನೊಳಕ್ಕೆ ಬೀಳುತ್ತವೆ, ಬಿದ್ದದ್ದು ತೆಗೆಯಲೂ ಬರುವುದಿಲ್ಲ. ಅಡ್ಡಗೋಡೆಗಳು ಟೊಳ್ಳನ್ನು ನಾಲ್ಕು ಕೋಣೆ ಮಾಡಿರುತ್ತವೆ, ಒಂದೊಂದು ಸುಮಾರು 14×18 ಸ್ಟಡ್. ಎರಡೂ ಕಡೆಯಿಂದ ವರಸೆಗೆ ಒಂದೊಂದು ಸ್ಟಡ್ ಚಾಚಿದರೆ 7 ವರಸೆಯಲ್ಲಿ ಮುಚ್ಚುತ್ತದೆ. ಅದಕ್ಕೇ ಅಡ್ಡಗೋಡೆಯನ್ನು ಮಧ್ಯದಲ್ಲಿ ನಿಲ್ಲಿಸದೆ ನೆತ್ತಿಯವರೆಗೂ ಒಯ್ಯಬೇಕು.

ನೆರಳುಬೆಳಕು:

ಮೇಲ್ಮೈ ಬಗ್ಗೆ ಕೇಳಿದ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲ. ನನ್ನ ಮಟ್ಟಿಗೆ ಈ ಕೆಲಸ ಶಿಲ್ಪವಾಗುವುದು ಅಲ್ಲಿಯೇ.

ಮೆಟ್ಟಿಲನ್ನು ಮರೆಮಾಚಬಹುದು ಎಂಬ ಲೆಕ್ಕವೇ ಕೈಕೊಡುತ್ತದೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ನೋಡುತ್ತದೆ. 8 ಮಿ.ಮೀ. ಮೆಟ್ಟಿಲು ಆ ಮಿತಿಗೆ ಇಳಿಯಬೇಕಾದರೆ ನೋಡುವವರು 27 ಮೀಟರ್ ದೂರ ನಿಲ್ಲಬೇಕು. ಯಾವ ಗ್ಯಾಲರಿಯ ಕೋಣೆಯಲ್ಲೂ ಅಷ್ಟು ಜಾಗವಿರುವುದಿಲ್ಲ. ಮೆಟ್ಟಿಲು ಕಾಣಿಸಿಯೇ ಕಾಣಿಸುತ್ತದೆ, ಆದ್ದರಿಂದ ಅದು ಎಲ್ಲಿ ಹೇಗೆ ಓಡಬೇಕು ಎಂಬುದನ್ನು ನೀವೇ ನಿರ್ಧರಿಸಿ. ನಕ್ಷೆಯಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳಿರುತ್ತವಲ್ಲ, ಹಾಗೆ ಕೆನ್ನೆಯ ಮೇಲೆ ಮೆಟ್ಟಿಲುಗಳು ಉಬ್ಬನ್ನು ಸುತ್ತಿ ಹೋಗಬೇಕು. ಸಾಫ್ಟ್‌ವೇರ್ ಕೊಟ್ಟ ಅಂಚನ್ನು ಹಾಗೇ ಒಪ್ಪಿಕೊಂಡರೆ ಅಲ್ಲಲ್ಲಿ ಒಂಟಿ ಸ್ಟಡ್ ಹೊರಗೆ, ಒಂಟಿ ಸ್ಟಡ್ ಒಳಗೆ ಬಂದು ಚರ್ಮದ ಮೇಲೆ ಗುಳ್ಳೆ ಎದ್ದ ಹಾಗಾಗುತ್ತದೆ. ಪ್ರತಿ ವರಸೆಯ ನಕ್ಷೆಯಲ್ಲಿ ಅಂಥವನ್ನು ಕೈಯಾರೆ ತಿದ್ದಿ.

ಎರಡು ದಾರಿಗಳನ್ನು ದೊಡ್ಡ ಕಲಾವಿದರು ತೋರಿಸಿದ್ದಾರೆ. ನ್ಯೂಯಾರ್ಕಿನಲ್ಲಿ ವಕೀಲಿಕೆ ಬಿಟ್ಟು 2004ರಲ್ಲಿ ಪೂರ್ಣಾವಧಿ ಈ ಕೆಲಸಕ್ಕಿಳಿದ ನೇಥನ್ ಸವಾಯ ಹೆಚ್ಚಾಗಿ ಸಾದಾ ಆಯತದ ಇಟ್ಟಿಗೆಗಳನ್ನೇ ಬಳಸುತ್ತಾರೆ. ಎರಡೂ ಕೈಯಿಂದ ಎದೆ ಸೀಳಿಕೊಂಡು ಒಳಗಿನಿಂದ ಇಟ್ಟಿಗೆಗಳು ಸುರಿಯುವ ಅವರ ‘ಯೆಲ್ಲೊ’ 11,014 ಇಟ್ಟಿಗೆಗಳದ್ದು, ಕಣ್ಣಿಗೆ ಕಾಣುವುದೆಲ್ಲ ಹಳದಿ. ಎದೆಯಿಂದ ಸುರಿಯುವುದು ಬಿಡಿ ಇಟ್ಟಿಗೆ, ದೇಹವೂ ಅದೇ ಇಟ್ಟಿಗೆ. ಮೆಟ್ಟಿಲನ್ನು ಮುಚ್ಚಿದ್ದರೆ ಆ ಮಾತೇ ಅಲ್ಲಿ ಉಳಿಯುತ್ತಿರಲಿಲ್ಲ. ಟೊರಾಂಟೊ ಭಾಗದಲ್ಲಿ ಕೆಲಸ ಮಾಡುವ, ಘಾನಾ ಮೂಲದ ಎಕೊ ನಿಮಾಕೊ ಇನ್ನೊಂದು ದಾರಿ ಹಿಡಿದಿದ್ದಾರೆ. ಬಣ್ಣ ಕಪ್ಪು ಮಾತ್ರ, ಆದರೆ ಇಳಿಜಾರು, ಬಾಗು, ಹಲ್ಲು, ಎಲೆ ಹೀಗೆ ಎಲ್ಲ ಆಕಾರದ ತುಂಡುಗಳು. 2019ರಲ್ಲಿ ಟೊರಾಂಟೊದ ಆಗಾ ಖಾನ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶಿತವಾದ ಅವರ ಕುಂಬಿ ಸಾಲೆ ನಗರದ ಶಿಲ್ಪಕ್ಕೆ ಸುಮಾರು ಒಂದು ಲಕ್ಷ ತುಂಡು ಬಳಕೆಯಾಗಿದ್ದವು. ಅಲ್ಲಿ ಆಕಾರವನ್ನು ಹೇಳುವುದು ಕಪ್ಪಿನ ಮೇಲಿನ ಹೊಳಪು.

ಎರಡರಲ್ಲಿ ಒಂದನ್ನು ಆರಿಸಿ. ಹಣೆಗೆ ಮೆಟ್ಟಿಲು, ಕೆನ್ನೆಗೆ ಇಳಿಜಾರು ಎಂದು ಬೆರೆಸಿದರೆ ತೇಪೆ ಹಾಕಿದಂತಾಗುತ್ತದೆ. ತಿಳಿ ಬೂದಿನಲ್ಲಿ ಮೊದಲ ದಾರಿಯೇ ಚೆನ್ನ, ಏಕೆಂದರೆ ಈ ಬಣ್ಣದ ಮೇಲೆ ನೆರಳು ಸ್ಪಷ್ಟವಾಗಿ ನಿಲ್ಲುತ್ತದೆ.

ಒಂದು ಕಡೆ ಮಾತ್ರ ನಾನು ಸಾದಾ ಇಟ್ಟಿಗೆ ಬಿಡುತ್ತೇನೆ: ನೆತ್ತಿ. ನಿಮ್ಮ ಅಳತೆಗೆ ಮೇಲಿನ ನಾಲ್ಕು ವರಸೆಗಳ ಅರ್ಧ ಅಗಲ ಮೇಲಿನಿಂದ ಕೆಳಕ್ಕೆ ಸುಮಾರು 3.7, 6.3, 8, 9.4 ಸ್ಟಡ್. ಅಂದರೆ ಮೊದಲ ಮೆಟ್ಟಿಲು ಎರಡೂವರೆ ಸ್ಟಡ್ ಅಗಲ, ಮುಂದೆ ಹಿಂದೆ ಮೂರಕ್ಕೂ ಹೆಚ್ಚು. ನೆತ್ತಿಯ ಮೇಲೆ ತಟ್ಟೆ ಮುಚ್ಚಿಟ್ಟಂತೆ ಕಾಣುತ್ತದೆ. ಈ ನಾಲ್ಕು ವರಸೆಗಳನ್ನು 12 ಪದರ ಪ್ಲೇಟುಗಳಲ್ಲಿ ಕಟ್ಟಿದರೆ ಮೆಟ್ಟಿಲು ಒಂದರಿಂದ ಒಂದೂವರೆ ಸ್ಟಡ್ಡಿಗೆ ಇಳಿದು ಗುಂಡಗೆ ಬರುತ್ತದೆ. ಮೇಲೆ ಕಾಣುವ ಸ್ಟಡ್ಡುಗಳನ್ನು ಟೈಲ್ ಹಾಕಿ ಮುಚ್ಚಬೇಡಿ, ಬೆಳಕು ಅವುಗಳ ಮೇಲೆ ಕೂತಾಗ ನೆತ್ತಿಗೆ ಕೂದಲಿನ ಹಾಗೆ ಒಂದು ಒರಟು ಬರುತ್ತದೆ.

ಇನ್ನೊಂದು ಮಾತು. 8 ಮಿ.ಮೀ.ಗಿಂತ ಸಣ್ಣ ಏರಿಳಿತ ಈ ಮಾಧ್ಯಮದಲ್ಲಿ ಉಳಿಯುವುದಿಲ್ಲ. ಮಣ್ಣಿನಲ್ಲಿ ಹೆಬ್ಬೆರಳಿನಿಂದ ಒತ್ತಿ ತಂದ ಕಣ್ಣಿನ ಗುಳಿ ಇಲ್ಲಿ ಸಪಾಟಾಗುತ್ತದೆ. ಗುಳಿಯನ್ನು ಮಾದರಿಗಿಂತ 2 ಸ್ಟಡ್ ಹೆಚ್ಚು ಆಳಕ್ಕೆ, ಕೆಳದುಟಿಯನ್ನು 1 ಸ್ಟಡ್ ಹೆಚ್ಚು ಮುಂದಕ್ಕೆ ತನ್ನಿ. ಹತ್ತಿರದಿಂದ ಉತ್ಪ್ರೇಕ್ಷೆ ಎನಿಸಿದರೂ ಮೂರು ಮೀಟರ್ ದೂರದಲ್ಲಿ ಮುಖ ಸರಿಯಾಗಿ ಕೂರುತ್ತದೆ. ದೀಪ ಎದುರಿಗೆ ಬೇಡ, ಒಂದು ಪಕ್ಕದಿಂದ ಮೇಲಕ್ಕೆ 45 ಡಿಗ್ರಿಯಲ್ಲಿ ಒಂದೇ ದೀಪವಿರಲಿ. ಎದುರಿನ ಬೆಳಕಿನಲ್ಲಿ ಮೆಟ್ಟಿಲುಗಳ ನೆರಳೇ ಇಲ್ಲದೆ ಇಡೀ ಮುಖ ಬೂದು ಗೋಡೆಯಾಗುತ್ತದೆ.

ಒಂದುಹನಿ:

ಅಂಟಿನ ವಿಷಯ. ಲೆಗೊ ಇಟ್ಟಿಗೆ ಮಾಡುವ ಎಬಿಎಸ್ ಪ್ಲಾಸ್ಟಿಕ್ಕಿಗೆ ಎರಡು ಬಗೆಯ ಅಂಟು ಹೊಂದುತ್ತದೆ. ಎಂಇಕೆಯಂಥ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕ ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಇಟ್ಟಿಗೆಯನ್ನು ಒಂದು ಮಾಡುತ್ತದೆ. ಜನ ಮುಟ್ಟುವ, ಸಾಗಿಸುವ ದೊಡ್ಡ ಮಾದರಿಗಳಿಗೆ ಇದೇ ಸರಿ. ಆದರೆ ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ತಲೆ ಸುತ್ತಿಸುತ್ತದೆ. ತೆರೆದ ಜಾಗ, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮುಖವಾಡ, ಬ್ಯುಟೈಲ್ ರಬ್ಬರಿನ ಕೈಗವಸು ಬೇಕು. ಮೆಡಿಕಲ್ ಅಂಗಡಿಯ ನೀಲಿ ನೈಟ್ರೈಲ್ ಗವಸು ಎಂಇಕೆಗೆ ತಡೆಯಲ್ಲ. ಬಟ್ಟೆಯ ಮಾಸ್ಕಿನಿಂದ ಏನೂ ಉಪಯೋಗವಿಲ್ಲ.

ಸೂಪರ್ ಗ್ಲೂ ಸುಲಭ. ಆದರೆ ಅದು ಒಣಗುವಾಗ ಸುತ್ತ ಬಿಳಿ ಮಬ್ಬು ಹರಡುತ್ತದೆ, ಗಾಢ ಬಣ್ಣದ ಮೇಲೆ ಬೆರಳಚ್ಚಿನ ಸಮೇತ ಕಾಣುತ್ತದೆ. ಕೂತ ಮೇಲೆ ಗಾಜಿನಂತೆ ಬಿರುಸು, ಜಾಡಿಸಿದರೆ ಸಿಡಿದು ಬಿಡುತ್ತದೆ.

ಯಾವುದನ್ನೇ ಬಳಸಿದರೂ ಸ್ಟಡ್ಡಿನ ಪಕ್ಕಕ್ಕೆ ಒಂದು ಸಣ್ಣ ಹನಿ, ಸ್ಟಡ್ಡಿನ ತಲೆಯ ಮೇಲೆ ಅಥವಾ ಇಟ್ಟಿಗೆಯ ಅಂಚಿಗೆ ಬೇಡವೇ ಬೇಡ. ಅಂಚಿನ ಅಂಟು ಇಟ್ಟಿಗೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ. ಒಂದು ಸಂದಿಗೆ 0.1 ಮಿ.ಮೀ. ಎಂದರೂ 42 ವರಸೆಗೆ 4 ಮಿ.ಮೀ. ದಾಟುತ್ತದೆ. ಎಡಗಡೆ ಹೆಚ್ಚು ಬಿದ್ದು ಬಲಗಡೆ ಕಡಿಮೆ ಬಿದ್ದರೆ ತಲೆ ವಾಲುತ್ತದೆ, ಆಮೇಲೆ ಬಿಚ್ಚಲು ಉಳಿಯಿಂದ ಕೀಳುವುದೊಂದೇ ದಾರಿ. ಅಕ್ರಿಲಿಕ್ ಬೋರ್ಡ್ ಅಂಗಡಿಯವರು ಕೊಡುವ ನೀರಿನಂಥ ದ್ರಾವಕದ ಬಾಟಲಿಯ ಮೇಲೆ ಏನೂ ಬರೆದಿರುವುದಿಲ್ಲ. ಒಂದು ಹೆಚ್ಚುವರಿ ಇಟ್ಟಿಗೆಯ ಮೇಲೆ ಪರೀಕ್ಷಿಸದೆ ಅದನ್ನು ಹಚ್ಚಬೇಡಿ, ಹೊರಮೈಗೆ ಸಿಡಿದ ಕಡೆ ಹೊಳಪು ಹೋದರೆ ಮರಳಿ ಬರುವುದಿಲ್ಲ.

ಗಾರೆಮಟ್ಟ:

ಅಂಟಿನ ಬಗ್ಗೆ ಹೇಳಿದ್ದೆಲ್ಲ ಸರಿ, ಆದರೆ ಈ ಅಳತೆಗೆ ಪೂರ್ತಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಸವಾಯ ಅಂಟಿಸುತ್ತಾರೆ, ನಿಜ. ಅವರ ಶಿಲ್ಪಗಳು ದೇಶದಿಂದ ದೇಶಕ್ಕೆ ಪೆಟ್ಟಿಗೆಯಲ್ಲಿ ತಿರುಗುತ್ತವೆ. 5 ಕೆ.ಜಿ.ಯ ಒಂದು ತಲೆ ಒಂದೇ ಊರಿನಲ್ಲಿ ಒಂದೇ ಪೀಠದ ಮೇಲೆ ಕೂರುವುದಾದರೆ ಮೂರೇ ಕಡೆ ಅಂಟು ಸಾಕು: ಗದ್ದದ ಪ್ಲೇಟುಗಳ ಮೂರು ಪದರ, ಮೂಗಿನ ತುದಿ, ಕಿವಿಯನ್ನು ಹಿಡಿಯುವ ಕಡೆ. ಮಿಕ್ಕಿದ್ದನ್ನು ಬಿಚ್ಚಲು ಬರುವ ಹಾಗೆ ಇಡಿ. ಅಂಟಿಸಿದ ಇಟ್ಟಿಗೆ ಇನ್ನೊಂದು ಶಿಲ್ಪಕ್ಕೆ ಬರುವುದಿಲ್ಲ. ಬಣ್ಣ ಮಾಸಿದ ಒಂದೇ ಒಂದು ಇಟ್ಟಿಗೆಯನ್ನು ಬದಲಿಸಲೂ ಆಗುವುದಿಲ್ಲ.

ಅದಕ್ಕಿಂತ ಮುಖ್ಯ ಬುಡ. ತೆಳು ಬೇಸ್‌ಪ್ಲೇಟ್ ಬಾಗುತ್ತದೆ, ಎತ್ತಿದ ಕ್ಷಣ ಕುತ್ತಿಗೆಯ ಮೊದಲ ವರಸೆ ಬಿಟ್ಟುಕೊಳ್ಳುತ್ತದೆ. 18 ಮಿ.ಮೀ. ಪ್ಲೈವುಡ್ ಹಲಗೆಯ ಮೇಲೆ 16×16 ಪ್ಲೇಟುಗಳ ಎರಡು ಪದರ, ಸಂದು ತಪ್ಪಿಸಿ. ಕುತ್ತಿಗೆಯ ಒಳಭಾಗದಲ್ಲಿ ಬರುವ ನಾಲ್ಕು ಕಡೆ 2×2 ಇಟ್ಟಿಗೆಯ ನಡುವೆ 5.5 ಮಿ.ಮೀ. ತೂತು ಕೊರೆದು, ಅಗಲ ವಾಷರ್ ಹಾಕಿ ಎಂ5 ಬೋಲ್ಟನ್ನು ಕೆಳಗಿನಿಂದ ಬಿಗಿಯಿರಿ. ತೀರಾ ಬಿಗಿದರೆ ಇಟ್ಟಿಗೆಯ ಗೋಡೆ ಬಿರಿಯುತ್ತದೆ, ವಾಷರ್ ತಿರುಗದಷ್ಟು ಬಿಗಿದರೆ ಸಾಕು. ತಲೆಯ ತೂಕ ಕುತ್ತಿಗೆಗಿಂತ ಮುಂದಕ್ಕೆ ಬೀಳುವುದರಿಂದ ಹಲಗೆಯೂ ಹಿಂದಕ್ಕಿಂತ ಮುಂದಕ್ಕೆ ಹೆಚ್ಚು ಚಾಚಿರಲಿ.

ಮಣ್ಣಿನಮಾದರಿ:

0.833ಕ್ಕೆ ಕುಗ್ಗಿಸಿದ ಮೇಲೆ ಸರಿಯಾಗಿ 42 ವರಸೆ ಬಂತು, ಮುಖ ಮಾದರಿಗೆ ಹೊಂದುತ್ತಿದೆ. ಟೈಲ್ ಹಾಕಿದ ಸೆಂಟ್ರಿಂಗ್ ಕೂಡ ನಿಂತಿತು. ಎಲ್ಲರಿಗೂ ಧನ್ಯವಾದ.

ಇನ್ನು ಎರಡು ಕಡೆ ತಡೆಯಾಗಿದೆ. ಮೂಗಿನ ಕೆಳಭಾಗ 5 ಸ್ಟಡ್ ಮುಂದೆ ಬರುತ್ತದೆ, ಗೋಡೆ ಇರುವುದೇ 3 ಸ್ಟಡ್, ಪ್ಲೇಟಿನ ಬಾಲಕ್ಕೆ ಹಿಡಿತವೇ ಇಲ್ಲ. ಕಿವಿಯನ್ನು ಮೆಟ್ಟಿಲಾಗಿ ಕಟ್ಟಿದರೆ ಪಾತ್ರೆಯ ಹಿಡಿಯ ಹಾಗೆ ದಪ್ಪ ಬರುತ್ತಿದೆ. ಇಟ್ಟಿಗೆ ಕೊಳ್ಳುವಾಗ ಏನು ನೋಡಬೇಕು ಎಂಬುದನ್ನೂ ಯಾರಾದರೂ ಹೇಳಿ, ಅರ್ಧದಷ್ಟು ಇನ್ನೂ ತರಬೇಕಿದೆ.

ವರಸೆಲೆಕ್ಕ:

ಮೂಗಿಗೆ ಹಿಡಿತ ಒಳಗಿನ ಅಡ್ಡಗೋಡೆಯಲ್ಲಿದೆ. ಅದು ಮೂಗಿನ ನೇರಕ್ಕೇ ಬರಬೇಕು ಅಂದಿದ್ದು ಇದಕ್ಕೇ. ಮೂಗಿನ ಎತ್ತರದ 9 ವರಸೆಗಳಲ್ಲಿ ಮಾತ್ರ ಆ ಗೋಡೆಯನ್ನು 2 ಸ್ಟಡ್ ದಪ್ಪ ಮಾಡಿ. ಮೂಗಿನಡಿಯ ವರಸೆಯಲ್ಲಿ 2×12 ಪ್ಲೇಟು ಇಟ್ಟರೆ 5 ಹೊರಗೆ, 7 ಒಳಗೆ. ಮೇಲೆ ಅಡ್ಡಗೋಡೆಯ ಮುಂದಿನ ವರಸೆ ಕೂತು ಬಾಲವನ್ನು ಅದುಮುತ್ತೆ. ಹೊಳ್ಳೆಗಳು ಆ ಪ್ಲೇಟಿನ ಎರಡೂ ಪಕ್ಕಕ್ಕೆ ಒಂದೊಂದು ಸ್ಟಡ್ ಚಾಚಲಿ.

ಕಿವಿಯನ್ನು ಮೇಲ್ಮುಖವಾಗಿ ಕಟ್ಟಬೇಡಿ, ಅಡ್ಡ ತಿರುಗಿಸಿ ನೇತುಹಾಕಿ. ಪಕ್ಕಕ್ಕೆ ಸ್ಟಡ್ ಇರುವ 1×1 ಇಟ್ಟಿಗೆ ಸಿಗುತ್ತೆ, ತುಂಡಿನ ನಂಬರ್ 87087. ಅಡ್ಡ ತಿರುಗಿದ ಹಲಗೆ ಗೋಡೆಯ ಅಳತೆಗೆ ಕೂರುವುದು ಈ ಲೆಕ್ಕದಿಂದ: 5 ಪ್ಲೇಟಿನ ಎತ್ತರ 16 ಮಿ.ಮೀ., 2 ಸ್ಟಡ್ಡಿನ ಅಗಲವೂ 16 ಮಿ.ಮೀ. ಆದ್ದರಿಂದ ಕಿವಿ ಬರುವ ಜಾಗದಲ್ಲಿ ಒಂದು ಕಂಬವನ್ನು ಕೆಳಗಿನಿಂದ ಎರಡು ಪ್ಲೇಟು, ಒಂದು 87087, ಮತ್ತೆ ಎರಡು ಪ್ಲೇಟು, ಒಂದು 87087, ಇದೇ ಕ್ರಮದಲ್ಲಿ ಏರಿಸಿ. ಮೂರು ಸಲ ಆದಾಗ 15 ಪ್ಲೇಟು, ಅಂದರೆ ಸರಿಯಾಗಿ 5 ವರಸೆ, 48 ಮಿ.ಮೀ. ಆರು ಸಲ ಆದಾಗ 10 ವರಸೆ, 96 ಮಿ.ಮೀ., ಅಡ್ಡ ಹಲಗೆಯ 12 ಸ್ಟಡ್. ಪಕ್ಕದ ಸ್ಟಡ್ಡುಗಳು ತಾವಾಗಿಯೇ 16 ಮಿ.ಮೀ. ಅಂತರಕ್ಕೆ ಬರುತ್ತವೆ. ಎರಡು ಪ್ಲೇಟಿನ ಬದಲು ಒಂದು ಇಟ್ಟಿಗೆ ಇಟ್ಟರೆ ಅಂತರ 19.2 ಆಗಿ ಹಲಗೆ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಎದ್ದು ನಿಲ್ಲುತ್ತೆ. ಒತ್ತಿ ಕೂರಿಸಿದರೆ ಸ್ಟಡ್ ಸವೆದು ಹೋಗುತ್ತೆ. 12×7 ಸ್ಟಡ್ಡಿನ ಹಲಗೆಯನ್ನು ಎರಡು ಪದರ ಪ್ಲೇಟಿನಲ್ಲಿ ಮಾಡಿ, ಹೊರ ಅಂಚಿಗೆ ಮಾತ್ರ ಮೂರನೇ ಪದರ ಹಾಕಿ. ಅಂಚು 9.6, ನಡುವೆ 6.4 ಮಿ.ಮೀ. ದಪ್ಪ, ಕಿವಿಯ ಗುಳಿ ಅಷ್ಟರಲ್ಲೇ ಮೂಡುತ್ತೆ. ಕಣ್ಣಿನ ರೆಪ್ಪೆಗೂ ಇದೇ ಉಪಾಯ, ಒಂದು ಪದರ ಸಾಕು.

ಒಂದುಹನಿ:

ಕೊಳ್ಳುವುದರ ಬಗ್ಗೆ. ತಿಳಿ ಬೂದು ಎರಡಿವೆ. 2004ರಲ್ಲಿ ಕಂಪನಿ ಬೂದು ಬಣ್ಣಗಳನ್ನು ಬದಲಿಸಿತು, ಹಳೆಯದು ತುಸು ಹಳದಿ ಕಡೆಗೆ, ಹೊಸದು ನೀಲಿ ಕಡೆಗೆ. ಬಿಡಿ ಇಟ್ಟಿಗೆ ಮಾರುವ ಬ್ರಿಕ್‌ಲಿಂಕ್ ಜಾಲತಾಣದಲ್ಲಿ ಎರಡೂ ಬೇರೆ ಬೇರೆ ಹೆಸರಿನಲ್ಲಿವೆ. ಬಿಡಿಯಾಗಿ ತೂಕದ ಲೆಕ್ಕದಲ್ಲಿ ಕೊಂಡರೆ ಬೆರೆತು ಬರುತ್ತವೆ, ರಾತ್ರಿ ಬಲ್ಬಿನ ಬೆಳಕಿನಲ್ಲಿ ವ್ಯತ್ಯಾಸ ಕಾಣದು, ಹಗಲಲ್ಲಿ ವಿಂಗಡಿಸಿ. ಹೊಸ ಬೂದಿನಲ್ಲೂ ಕಂತಿನಿಂದ ಕಂತಿಗೆ ಸಣ್ಣ ವ್ಯತ್ಯಾಸ ಇರುತ್ತದೆ. ಬಂದದ್ದನ್ನೆಲ್ಲ ಒಟ್ಟಿಗೆ ಸುರಿದು ಬೆರೆಸಿ ಬಳಸಿ. ಕಂತುಕಂತಾಗಿ ಬಳಸಿದರೆ ಹಣೆಯ ಮೇಲೆ ಪಟ್ಟಿ ಬೀಳುತ್ತದೆ.

ಬೇರೆ ತಯಾರಕರ ಹೊಂದುವ ಇಟ್ಟಿಗೆ ಕೊಳ್ಳುವುದಾದರೆ ಮೊದಲು 20 ಇಟ್ಟಿಗೆ ತರಿಸಿ, ಒಂದರ ಮೇಲೊಂದು ಇಟ್ಟು ಅಳೆಯಿರಿ. ಸ್ಟಡ್ ಬಿಟ್ಟು 192 ಮಿ.ಮೀ. ಬರಬೇಕು. ಅರ್ಧ ಮಿ.ಮೀ. ಆಚೀಚೆ ಆದರೂ ಲೆಗೊ ಜೊತೆ ಒಂದೇ ವರಸೆಯಲ್ಲಿ ಬೆರೆಸಬೇಡಿ. ಒಳಗಿನ ಅಡ್ಡಗೋಡೆಗೂ ಬೇಡ, ಅದು ಪ್ರತಿ ಎರಡು ವರಸೆಗೆ ಹೊರಗೋಡೆಯನ್ನು ಸೇರುತ್ತದೆ.

ವಿದೇಶದಿಂದ ತರಿಸುವವರು ಸುಂಕದ ಲೆಕ್ಕ ಮೊದಲೇ ಹಾಕಿ. ನಮ್ಮಲ್ಲಿ ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, ಇತರ ತೆರಿಗೆ ಅದರ ಮೇಲೆ. ಸಗಟು ಕೊಳ್ಳುವಾಗ ಏನು ಕಟ್ಟುತ್ತೀರಿ ಎಂದು ಕಂಪನಿ ಕೇಳುವುದೀಗ ಇಲ್ಲ. 2015ರಲ್ಲಿ ಚೀನಾದ ಕಲಾವಿದ ಐ ವೇವೇಗೆ ರಾಜಕೀಯ ಕೃತಿ ಎಂಬ ಕಾರಣ ಕೊಟ್ಟು ಸಗಟು ಮಾರಾಟ ನಿರಾಕರಿಸಿದ್ದರು. ಜನ ತಮ್ಮ ಮನೆಯ ಇಟ್ಟಿಗೆಗಳನ್ನೇ ಅವರಿಗೆ ತಂದುಕೊಟ್ಟರು. 2016ರ ಜನವರಿಯಿಂದ ಕಂಪನಿ ಉದ್ದೇಶ ಕೇಳುವುದನ್ನು ಬಿಟ್ಟಿತು.

ಹಳೆಯ ಇಟ್ಟಿಗೆ ತೊಳೆಯುವಾಗ ನೀರು 40 ಡಿಗ್ರಿ ಮೀರಬಾರದು, ಬಿಸಿನೀರಿನಲ್ಲಿ ಇಟ್ಟಿಗೆ ಸೊಟ್ಟಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ಕಟ್ಟಿದ ತಲೆಯನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟರೆ ಅತಿನೇರಳೆ ಕಿರಣಕ್ಕೆ ಬೂದು ಬಣ್ಣ ಒಂದೇ ಪಕ್ಕಕ್ಕೆ ಹಳದಿ ತಿರುಗುತ್ತದೆ. ಸಾಗಿಸುವಾಗ ಮೂಗು ಮೇಲೆ ಮಾಡಿ ಮಲಗಿಸಬೇಡಿ, ಮಲಗಿಸಿದ ಕೂಡಲೇ ಎಲ್ಲ ಸಂದುಗಳ ಮೇಲೂ ಎಳೆತ ಬೀಳುತ್ತದೆ. ಹಲಗೆಯ ಸಮೇತ ನೆಟ್ಟಗೆ ನಿಲ್ಲಿಸಿ, ಗದ್ದದ ಕೆಳಗೆ ಸ್ಪಂಜಿನ ದಿಂಡು ಕೊಟ್ಟು, ಹಲಗೆ ಹಿಡಿದೇ ಎತ್ತಿ.